ರೈಲು ನಿಲ್ದಾಣದ ಮುಂದಿನ ಪಾರ್ಕಿಂಗ್ ಗೋಜಲು ಬಿಡಿಸುವುದು ಹೇಗೆ?

ದಿನಾ ಕೆಲಸಕ್ಕೆ ಹೋಗಿಬರುವವರ ಲೋಕಲ್ ರೈಲು ನಿಲ್ಲುವ ಯಾವ ಸ್ಟೇಷನ್ ಮುಂದೆ ನಿಂತರೂ ಕೇಳಿಸುವ ದೂರು ಒಂದೇ: ಗಾಡಿ ನಿಲ್ಲಿಸಲು ಜಾಗ ಇಲ್ಲ. ಅದಕ್ಕೆ ಎಲ್ಲರಿಗೂ ಥಟ್ಟನೆ ಹೊಳೆಯುವ ಉಪಾಯವೂ ಒಂದೇ: ಇನ್ನೊಂದು ಪಾರ್ಕಿಂಗ್ ಮಾಡಿ. ಆದರೆ ಬಹಳಷ್ಟು ಕಡೆ ಕೊರತೆ ಇರುವುದು ಜಾಗಕ್ಕಲ್ಲ. ಇರುವ ಜಾಗದಲ್ಲಿ ಯಾರು ಎಷ್ಟು ಹೊತ್ತು ನಿಲ್ಲುತ್ತಾರೆ ಅನ್ನುವುದೇ ತೊಂದರೆ. ಬೆಳಿಗ್ಗೆ 7ಕ್ಕೆ ಬಂದು ನಿಂತ ಕಾರು ಕದಲುವುದು ಸಂಜೆ 7ಕ್ಕೆ. ಗೇಟಿನ ಪಕ್ಕದ ಆ ಜಾಗ ಇಡೀ ದಿನದಲ್ಲಿ ಒಬ್ಬರ ಉಪಯೋಗಕ್ಕೆ ಬಂತು, ಅಷ್ಟೆ. ಅಲ್ಲೇ ಎರಡು ಮೂರು ಕಾರು ನಿಲ್ಲುವಷ್ಟು ಜಾಗದಲ್ಲಿ ಒಂದು ಬಸ್ ನಿಮಿಷ ನಿಂತು ಹೋದರೂ ನಲವತ್ತು ಜನ ಇಳಿಯುತ್ತಾರೆ.

ಹಾಗಾಗಿ ಈ ಬರಹದ ಎಲ್ಲ ಹಂತಗಳೂ ಒಂದೇ ಮಾತಿನ ಮೇಲೆ ನಿಂತಿವೆ. ಗೇಟಿಗೆ ಹತ್ತಿರದ ಜಾಗ ಕಡಿಮೆ ಹೊತ್ತು ನಿಲ್ಲುವವರಿಗೆ, ಜಾಸ್ತಿ ಹೊತ್ತು ನಿಲ್ಲುವವರು ದೂರಕ್ಕೆ. ಬಡಾವಣೆ ಸಂಘದವರು, ಸ್ಥಳೀಯ ಆಡಳಿತದ ಸದಸ್ಯರು, ಸ್ಟೇಷನ್ ನೋಡಿಕೊಳ್ಳುವವರು ಯಾರು ಬೇಕಾದರೂ ಈ ಕೆಲಸಕ್ಕೆ ಕೈ ಹಾಕಬಹುದು. ಮೊದಲೆರಡು ಹಂತಕ್ಕಂತೂ ಯಾರ ಅಪ್ಪಣೆಯೂ ಬೇಕಿಲ್ಲ.

1. ಮೊದಲು ಎಣಿಸಿ

ಎಣಿಸದೆ ಸಭೆ ಕರೆದರೆ ಸಭೆ ಜಗಳದಲ್ಲಿ ಮುಗಿಯುತ್ತದೆ. ಒಬ್ಬರು "ಎಲ್ಲಾ ಹೊರಗಿನವರ ಗಾಡಿ" ಅನ್ನುತ್ತಾರೆ, ಇನ್ನೊಬ್ಬರು "ಅಂಗಡಿಯವರೇ ಜಾಗ ಹಿಡಿದಿದ್ದಾರೆ" ಅನ್ನುತ್ತಾರೆ. ಇಬ್ಬರ ಹತ್ತಿರವೂ ಲೆಕ್ಕ ಇರುವುದಿಲ್ಲ.

ಸಾಮಾನ್ಯ ಕೆಲಸದ ದಿನ ಆರಿಸಿ. ವಾರದ ನಡುವಿನ ದಿನವಾದರೆ ಒಳ್ಳೆಯದು, ರಜೆಯ ಆಚೀಚೆ ಬೇಡ. ಮೊದಲ ಎಣಿಕೆ ಬೆಳಗಿನ ಮೊದಲ ರೈಲಿಗೂ ಮುಂಚೆ ಆಗಬೇಕು. ಆಗ ಅಲ್ಲಿರುವ ಗಾಡಿಗಳು ರೈಲು ಹತ್ತುವವರದ್ದಲ್ಲ. ಅಕ್ಕಪಕ್ಕದ ನಿವಾಸಿಗಳದ್ದೋ, ತಿಂಗಳಿಂದ ದೂಳು ಹಿಡಿದು ನಿಂತಿರುವುದೋ ಆಗಿರುತ್ತದೆ. ಆಮೇಲೆ ಬೆಳಿಗ್ಗೆ 10ರವರೆಗೆ ಅರ್ಧ ಗಂಟೆಗೊಮ್ಮೆ ಎಣಿಸಿ. ಮಧ್ಯಾಹ್ನ ಒಮ್ಮೆ, ಸಂಜೆ ಗದ್ದಲದ ಹೊತ್ತಿನಲ್ಲಿ ಮತ್ತೊಮ್ಮೆ.

ಬರೀ ಎಷ್ಟು ಗಾಡಿ ಎಂದು ಬರೆದರೆ ಸಾಲದು. ನಂಬರ್ ಪ್ಲೇಟಿನ ಕೊನೆಯ ಅಂಕಿಗಳನ್ನೂ ಬರೆದುಕೊಳ್ಳಿ. ಆಗಲೇ ಯಾವ ಗಾಡಿ ಎಷ್ಟು ಹೊತ್ತು ನಿಂತಿತು ಅಂತ ಗೊತ್ತಾಗುವುದು. ಲೆಕ್ಕ ಮುಗಿದ ಮೇಲೆ ಆ ಪಟ್ಟಿ ಹರಿದು ಹಾಕಿ. ಯಾರ ಗಾಡಿ ಎಲ್ಲಿ ನಿಂತಿತ್ತು ಅನ್ನುವುದು ಊರಿಗೆಲ್ಲ ಗೊತ್ತಾಗಬೇಕಾದ ವಿಷಯವಲ್ಲ.

ಎಷ್ಟು ದೂರದವರೆಗೆ ಎಣಿಸಬೇಕು? ಗೇಟಿನಿಂದ 10 ನಿಮಿಷ ನಡೆಯುವಷ್ಟು. ಸಾಮಾನ್ಯ ನಡಿಗೆ ನಿಮಿಷಕ್ಕೆ ಸುಮಾರು 80 ಮೀಟರ್, ಅಂದರೆ 800 ಮೀಟರ್ ಆಯಿತು. ಪಕ್ಕದ ಅಡ್ಡರಸ್ತೆಗಳೂ ಇದರಲ್ಲಿ ಸೇರಲೇಬೇಕು. ಪಾರ್ಕಿಂಗ್ ಒಳಗೆ ಮಾತ್ರ ಎಣಿಸಿದವರಿಗೆ ಅರ್ಧ ಕತೆಯೂ ಸಿಗುವುದಿಲ್ಲ.

ಈ ಎಣಿಕೆಯಿಂದ ಸಿಗುವ ತುಂಬಾ ಮುಖ್ಯವಾದ ಸಂಗತಿ ಯಾವುದು ಗೊತ್ತಾ? ಪಾರ್ಕಿಂಗ್ ಎಷ್ಟು ಗಂಟೆಗೆ ತುಂಬುತ್ತದೆ ಅನ್ನುವುದು. 9:30ಕ್ಕೆ ತುಂಬಿದರೆ ಚಿಂತೆ ಇಲ್ಲ. 7:15ಕ್ಕೇ ತುಂಬಿದರೆ, 8ರ ರೈಲಿಗೆ ಬರುವವರೆಲ್ಲ ಅಡ್ಡರಸ್ತೆಗೆ ನುಗ್ಗುತ್ತಿದ್ದಾರೆ ಎಂದೇ ಅರ್ಥ. ಜಾಗ ಹಿಡಿಯಲೆಂದೇ ಜನ ಬೇಕಿದ್ದಕ್ಕಿಂತ ಮುಂಚೆ ಮನೆ ಬಿಡುತ್ತಿದ್ದಾರೆ ಎಂದೂ ಅರ್ಥ.

2. ಗೇಟಿನಲ್ಲಿ ನಿಂತು ಕೇಳಿ

ಎರಡು ಪ್ರಶ್ನೆ ಸಾಕು: ಎಲ್ಲಿಂದ ಬಂದಿರಿ, ಹೇಗೆ ಬಂದಿರಿ. ರೈಲು ಹಿಡಿಯುವ ಆತುರದಲ್ಲಿರುವವರು ಅದಕ್ಕಿಂತ ಜಾಸ್ತಿ ನಿಲ್ಲುವುದಿಲ್ಲ. ಸಂಜೆ ಹಿಂದಿರುಗುವಾಗ ಕೇಳಿದರೆ ಮೂರನೆಯದನ್ನೂ ಕೇಳಬಹುದು: ಬೇರೆ ರೀತಿಯಲ್ಲಿ ಬರಲು ಏನು ಅಡ್ಡಿ?

ಉತ್ತರಗಳನ್ನು ನಕ್ಷೆಯ ಮೇಲೆ ಚುಕ್ಕೆ ಇಟ್ಟು ನೋಡಿ. ಕಾರಿಗೆ ಒಂದು ಬಣ್ಣ, ಸ್ಕೂಟರಿಗೆ ಒಂದು, ನಡೆದು ಬಂದವರಿಗೆ ಇನ್ನೊಂದು. ಎರಡು ಕಿಲೋಮೀಟರ್ ಒಳಗಿನಿಂದ ಕಾರು ತಂದವರ ಚುಕ್ಕೆಗಳು ಒಂದೇ ಕಡೆ ಗುಂಪಾಗಿದ್ದರೆ ಅಲ್ಲೇನೋ ಅಡ್ಡಿ ಇದೆ. ಫುಟ್‌ಪಾತ್ ಇಲ್ಲ, ದೀಪ ಇಲ್ಲ, ದಾಟಲಾಗದ ರಸ್ತೆ ಇದೆ, ಬಸ್ ಇಲ್ಲ, ಇಂಥದ್ದೇನೋ. ಒಂದು ಎಚ್ಚರಿಕೆ. ಗಾಡಿಯವರನ್ನಷ್ಟೇ ಕೇಳಬೇಡಿ. ಸಭೆಗೆ ಬಂದು ಜೋರಾಗಿ ಮಾತಾಡುವವರು ಅವರೇ. ನಡೆದು ಬರುವವರು ಸುಮ್ನೆ ಹೋಗಿಬಿಡುತ್ತಾರೆ.

3. ಗೇಟಿನಿಂದ ಹೊರಗೆ ಸರದಿ ಹಾಕಿ

ಈಗ ಒಂದು ಹಾಳೆಯ ಮೇಲೆ ಗೇಟು ಬರೆದು, ಅಲ್ಲಿಂದ ಹೊರಗೆ ಯಾರಿಗೆ ಎಲ್ಲಿ ಜಾಗ ಎಂದು ಬರೆಯುತ್ತಾ ಹೋಗಿ. ನಡೆಯುವವರ ದಾರಿ ಎಲ್ಲಕ್ಕಿಂತ ಮುಂದೆ. ಅಂಗವಿಕಲರ ಗಾಡಿಗೆ ಗೇಟಿನ ಪಕ್ಕದ ಜಾಗ. ಅದು ಎಷ್ಟು ಹೊತ್ತು ನಿಂತರೂ ಸರಿ, ಮೇಲೆ ಹೇಳಿದ ನಿಯಮ ಅಲ್ಲಿಗೆ ಬೇಡ. ಆಮೇಲೆ ಬಸ್ಸು. ಆಮೇಲೆ ಸೈಕಲ್ ಸ್ಟ್ಯಾಂಡ್. ನಂತರ ಆಟೋ, ಟ್ಯಾಕ್ಸಿ ಮತ್ತು ಯಾರನ್ನಾದರೂ ತಂದು ಬಿಟ್ಟು ಹೋಗುವವರು. ಆಮೇಲೆ ಸ್ಕೂಟರ್, ಬೈಕು. ದಿನವಿಡೀ ನಿಲ್ಲುವ ಕಾರು ಕೊನೆಗೆ.

ಈ ಕ್ರಮ ಹೊಸದೇನಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಬಾರ್ಟ್ ರೈಲು ಸಂಸ್ಥೆ 2016ರಲ್ಲಿ ಒಪ್ಪಿಕೊಂಡ ನೀತಿಯಲ್ಲೂ ನಡೆಯುವವರು ಮೊದಲು, ಕಾರು ನಿಲ್ಲಿಸುವವರು ಕೊನೆಗೆ. ಕಾರು ಬಿಟ್ಟರೆ ಕಾಲಾಡದ ದೇಶ ಎಂದು ನಾವು ಅಂದುಕೊಂಡಿರುವ ಕಡೆಯೇ ಹೀಗೆ, ನೋಡಿ.

ಹಾಳೆಯ ಮೇಲೆ ಸರದಿ ಹಾಕುವುದು ಸುಲಭ. ನೆಲದ ಮೇಲೆ ತರುವಾಗ ಮೊದಲು ಕಿರಿಕಿರಿ ಆಗುವುದು ಈಗ ಗೇಟಿನ ಪಕ್ಕ ನಿಲ್ಲಿಸುತ್ತಿರುವವರಿಗೆ. ಅವರಲ್ಲಿ ಸ್ಟೇಷನ್ ಸಿಬ್ಬಂದಿಯ ಗಾಡಿಗಳೂ ಇರುತ್ತವೆ. ಅವನ್ನು ಮೊದಲೇ ಹಿಂದಕ್ಕೆ ಸರಿಸಿದರೆ ಉಳಿದವರ ಬಾಯಿ ಅರ್ಧ ಮುಚ್ಚುತ್ತದೆ.

4. ನಡೆದು ಬರುವ ದಾರಿ ಸರಿ ಮಾಡಿ

ಪಾರ್ಕಿಂಗ್ ಬಗ್ಗೆ ಕೇಳಿದರೆ ಇವನೇನು ಫುಟ್‌ಪಾತ್ ಕತೆ ಹೇಳುತ್ತಾನೆ ಅನ್ನಿಸಬಹುದು. ಆದರೆ ಅತಿ ಅಗ್ಗವಾಗಿ ಪಾರ್ಕಿಂಗ್ ಬೇಡಿಕೆ ಇಳಿಸುವುದು ಇಲ್ಲೇ.

ಎಷ್ಟೋ ಸ್ಟೇಷನ್ನುಗಳಿಗೆ ಹಳಿಯ ಒಂದು ಬದಿಯಲ್ಲಷ್ಟೇ ಗೇಟು. ಇನ್ನೊಂದು ಬದಿಯ ಮನೆಗೆ ಪ್ಲಾಟ್‌ಫಾರ್ಮ್ ಕಣ್ಣಿಗೆ ಕಾಣುತ್ತದೆ, 200 ಮೀಟರ್ ಕೂಡ ಇಲ್ಲ. ಆದರೆ ಸೇತುವೆ ಬಳಸಿ ಬರಲು ಒಂದೂವರೆ ಕಿಲೋಮೀಟರ್. ಆ ಮನೆಯವರು ಸ್ಕೂಟರ್ ತೆಗೆಯದೆ ಇನ್ನೇನು ಮಾಡುತ್ತಾರೆ? ಆ ಬದಿಗೊಂದು ಸಣ್ಣ ಗೇಟು, ಟಿಕೆಟ್ ಯಂತ್ರ, ಹಳಿ ದಾಟಲು ಮೇಲ್ಸೇತುವೆ ಅಥವಾ ಕೆಳದಾರಿ ಇದ್ದರೆ ಅಷ್ಟೂ ಗಾಡಿ ಮನೆಯಲ್ಲೇ ಉಳಿಯುತ್ತವೆ. ಸ್ಟೇಷನ್ ಒಳಗೆ ಈಗಾಗಲೇ ಮೇಲ್ಸೇತುವೆ ಇದ್ದರೆ ಅದನ್ನು ಆಚೆ ಬದಿಯ ರಸ್ತೆಯವರೆಗೆ ಉದ್ದ ಮಾಡಿದರೆ ಸಾಕು.

ಬೇಲಿ, ಕಾಂಪೌಂಡು ಸುತ್ತಿ ಬರಬೇಕಾದ ಕಡೆ ಜನ ತಾವೇ ಒಂದು ಕಾಲುದಾರಿ ಮಾಡಿಕೊಂಡಿರುತ್ತಾರೆ. ಅದನ್ನು ಮುಚ್ಚುವ ಮುಂಚೆ ಯೋಚಿಸಿ. ಆ ದಾರಿ ಹಳಿ ಮೇಲೆ ಹಾಯುತ್ತಿದ್ದರೆ ಮುಚ್ಚಲೇಬೇಕು, ಜೀವದ ಪ್ರಶ್ನೆ. ಖಾಲಿ ಜಾಗದಲ್ಲಿ ಹಾಯುತ್ತಿದ್ದರೆ ಅದಕ್ಕೆ ಕಲ್ಲು ಹಾಸಿ ದೀಪ ಹಾಕಿ. ದೀಪದ ವಿಷಯದಲ್ಲಿ ಜಿಪುಣತನ ಬೇಡ. ಬೆಳಿಗ್ಗೆ ನಡೆದು ಬರಬಲ್ಲವರೂ ರಾತ್ರಿ ಒಂಬತ್ತಕ್ಕೆ ಕತ್ತಲಲ್ಲಿ ಒಬ್ಬರೇ ವಾಪಸ್ ಹೋಗಬೇಕಲ್ಲ ಅಂತ ಗಾಡಿ ತರುತ್ತಾರೆ. ಹೆಂಗಸರನ್ನು ಕೇಳಿ ನೋಡಿ.

5. ಸೈಕಲ್ಲಿಗೂ ಬೈಕಿಗೂ ಒಳ್ಳೆಯ ಜಾಗ

ಒಂದು ಕಾರಿಗೆ ಅದು ನಿಲ್ಲುವ ಜಾಗದ ಜೊತೆ ಒಳಗೆ ಬಂದು ಹೋಗುವ ದಾರಿಯೂ ಸೇರಿ ಸುಮಾರು 25ರಿಂದ 30 ಚದರ ಮೀಟರ್ ಬೇಕು. ಅಷ್ಟರಲ್ಲಿ ಹತ್ತಕ್ಕೂ ಹೆಚ್ಚು ಸೈಕಲ್ ಆರಾಮಾಗಿ ನಿಲ್ಲುತ್ತವೆ. ಎರಡಂತಸ್ತಿನ ಸ್ಟ್ಯಾಂಡ್ ಹಾಕಿದರೆ ಇನ್ನೂ ಹೆಚ್ಚು. ಲೆಕ್ಕ ಇಷ್ಟು ನೇರವಾಗಿದ್ದರೂ ಬಹಳ ಕಡೆ ಸೈಕಲ್ ಸ್ಟ್ಯಾಂಡ್ ಸಿಗುವುದು ಶೌಚಾಲಯದ ಹಿಂದೆ.

ನೆದರ್‌ಲ್ಯಾಂಡ್ಸ್‌ನಲ್ಲಿ ಮನೆಯಿಂದ ಸ್ಟೇಷನ್ನಿಗೆ ಬರುವ ರೈಲು ಪ್ರಯಾಣಿಕರಲ್ಲಿ ಹತ್ತಕ್ಕೆ ಸುಮಾರು ನಾಲ್ಕು ಮಂದಿ ಸೈಕಲ್ಲಿನಲ್ಲಿ ಬರುತ್ತಾರೆ. ಉಟ್ರೆಕ್ಟ್ ಸ್ಟೇಷನ್ ಪಕ್ಕದ ಸೈಕಲ್ ಗ್ಯಾರೇಜ್ 2019ರಲ್ಲಿ ಪೂರ್ತಿಯಾದಾಗ ಅಲ್ಲಿ 12,500 ಸೈಕಲ್ಲಿಗೆ ಜಾಗ ಇತ್ತು. ಮೊದಲ 24 ಗಂಟೆ ಬಿಟ್ಟಿ, ಆಮೇಲೆ ಕಾಸು. ಈ ನಿಯಮದ ಜಾಣತನ ಗಮನಿಸಿ. ದಿನಾ ಬಂದು ಹೋಗುವವರಿಗೆ ಖರ್ಚೇ ಇಲ್ಲ. ತಂದಿಟ್ಟು ಮರೆತವರಿಗೆ ಮಾತ್ರ ಬಿಸಿ ತಟ್ಟುತ್ತದೆ.

ಮರೆತು ಬಿಟ್ಟುಹೋದ ಸೈಕಲ್ಲು ಸಣ್ಣ ವಿಷಯವಲ್ಲ. ಜಪಾನಿನಲ್ಲಿ ಸ್ಟೇಷನ್ ಮುಂದೆ ಸೈಕಲ್ ರಾಶಿ ಬಿದ್ದು ದಾರಿಯೇ ಮುಚ್ಚಿಹೋದಾಗ 1980ರಲ್ಲಿ ಅದಕ್ಕೆಂದೇ ಕಾನೂನು ಮಾಡಬೇಕಾಯಿತು. ಸರಳ ವಿಧಾನ ಹೀಗಿದೆ. ತಿಂಗಳಿಗೊಮ್ಮೆ ಎಲ್ಲ ಸೈಕಲ್ಲು, ಬೈಕಿಗೂ ತಾರೀಖು ಬರೆದ ಕಾಗದದ ಪಟ್ಟಿ ಕಟ್ಟಿ. ಉಪಯೋಗಿಸುವವರು ಕಿತ್ತು ಹಾಕುತ್ತಾರೆ. ಎರಡು ವಾರವಾದರೂ ಪಟ್ಟಿ ಹಾಗೇ ಇದ್ದರೆ ಇನ್ನೊಂದು ನೋಟಿಸ್ ಅಂಟಿಸಿ. ಆಮೇಲೂ ಯಾರೂ ಬಾರದಿದ್ದರೆ ಆ ಊರಿನ ನಿಯಮದಂತೆ ತೆಗೆಸಿ, ಬೇರೆ ಕಡೆ ಕಾಪಿಡಿ. ಒಂದೇ ಸಲ ಹೀಗೆ ಮಾಡಿ ನೋಡಿ, ಸ್ಟ್ಯಾಂಡಿನಲ್ಲಿ ಎಷ್ಟು ಜಾಗ ಬಿಡುವಾಗುತ್ತದೆ ಅಂತ.

ಸ್ಟ್ಯಾಂಡ್ ಯಾವುದು ಹಾಕಬೇಕು? ಮುಂದಿನ ಚಕ್ರವನ್ನಷ್ಟೇ ಹಿಡಿಯುವ ಕಂಬಿ ಬೇಡ. ಚಕ್ರ ಬಿಚ್ಚಿಟ್ಟು ಉಳಿದದ್ದನ್ನು ಹೊತ್ತೊಯ್ಯುವ ಕಳ್ಳರಿಗೆ ಅದು ಅನುಕೂಲ. ನೆಲದಲ್ಲಿ ಹೂತ, ಬಾಗಿಸಿದ ಕಬ್ಬಿಣದ ಕೊಳವೆಗೆ ಫ್ರೇಮ್ ಸೇರಿಸಿ ಬೀಗ ಹಾಕುವಂತಿರಬೇಕು. ಎರಡಂತಸ್ತಿನ ಸ್ಟ್ಯಾಂಡ್ ಹಾಕಿದರೂ ನೆಲದ ಮೇಲೆ ಒಂದಿಷ್ಟು ಅಗಲದ ಜಾಗ ಉಳಿಸಿ. ವಯಸ್ಸಾದವರಿಗೆ, ಬ್ಯಾಟರಿಯ ಭಾರದ ಸೈಕಲ್ಲಿನವರಿಗೆ ಮೇಲೆ ಎತ್ತಿಡಲು ಆಗುವುದಿಲ್ಲ. ಮೇಲೆ ಚಾವಣಿ, ಹೋಗಿಬರುವವರ ಕಣ್ಣಿಗೆ ಬೀಳುವ ಜಾಗ, ಇವೆರಡು ಇದ್ದರೆ ಕ್ಯಾಮೆರಾಕ್ಕಿಂತ ಹೆಚ್ಚು ಧೈರ್ಯ.

6. ಬಿಟ್ಟು ಹೋಗುವವರು, ಕರೆದೊಯ್ಯಲು ಬರುವವರು

ಇವೆರಡೂ ಒಂದೇ ಎಂದುಕೊಂಡು ಒಂದೇ ಜಾಗ ಕೊಟ್ಟಲ್ಲೇ ಸಂಜೆ ರಸ್ತೆ ಕಟ್ಟಿಕೊಳ್ಳುವುದು.

ಬೆಳಿಗ್ಗೆ ಬಿಟ್ಟು ಹೋಗುವವರು ಒಂದು ನಿಮಿಷ ನಿಲ್ಲುತ್ತಾರೆ. ಗಂಟೆಗೆ 120 ಗಾಡಿ ಬಂದರೂ ಸರಾಸರಿ ಒಂದು ಹೊತ್ತಿನಲ್ಲಿ ಅಲ್ಲಿರುವುದು ಎರಡೇ ಗಾಡಿ. ಒಟ್ಟಿಗೆ ಬರುವ ಗದ್ದಲಕ್ಕೆಂದು ನಾಲ್ಕೈದು ಗಾಡಿಯಷ್ಟು ಜಾಗ ಬಿಟ್ಟರೆ ಧಾರಾಳ. ಸಂಜೆಯ ಲೆಕ್ಕ ಬೇರೆ. ಗಂಟೆಗೆ 60 ಗಾಡಿ ಬಂದು ತಲಾ 10 ನಿಮಿಷ ಕಾದರೆ ಸರಾಸರಿಯೇ 10 ಗಾಡಿ ಆಗುತ್ತದೆ. ಅದೂ ಸಮನಾಗಿ ಹಂಚಿ ಬರುವುದಿಲ್ಲ. ರೈಲು 20 ನಿಮಿಷಕ್ಕೊಂದು ಎಂದಿಟ್ಟುಕೊಳ್ಳಿ. ಆಗ ಪ್ರತಿ ರೈಲಿಗೂ 20 ಗಾಡಿ, ಬಾಗಿಲು ತೆರೆಯುವ ಹೊತ್ತಿಗೆ ಇಪ್ಪತ್ತೂ ಅಲ್ಲೇ. ಗಾಡಿಯ ಸಂಖ್ಯೆ ಬೆಳಗಿನ ಅರ್ಧ, ಬೇಕಾದ ಜಾಗ ನಾಲ್ಕು ಪಟ್ಟು.

ಆದ್ದರಿಂದ ಗೇಟಿನ ಮುಂದೆ ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದು, ಚಾಲಕರು ಇಳಿಯಬಾರದು ಎಂಬ ಸಾಲು ಇರಲಿ. ಕಾಯುವವರಿಗೆ ಬೇರೆ ಜಾಗ, ಮೂರ್ನಾಲ್ಕು ನಿಮಿಷ ನಡೆಯುವ ದೂರದಲ್ಲಿ. ಬೆಳಿಗ್ಗೆ ತುಂಬಿದ ಪಾರ್ಕಿಂಗ್ ಸಂಜೆ ಖಾಲಿಯಾಗುತ್ತಾ ಬರುತ್ತದಲ್ಲ, ಅದರ ಮೊದಲ ಸಾಲನ್ನು ಸಂಜೆ 5ರ ಮೇಲೆ ಕಾಯುವವರಿಗೆ 20 ನಿಮಿಷ ಬಿಟ್ಟಿಯಾಗಿ ಕೊಡಬಹುದು. ರೈಲಿನಿಂದ ಇಳಿದವರು ಫೋನ್ ಮಾಡಿದ ಮೇಲೆ ಗಾಡಿ ಮುಂದಕ್ಕೆ ಬರಲಿ. ಆಟೋ, ಟ್ಯಾಕ್ಸಿಗೂ ಇದೇ ಲೆಕ್ಕ: ಗೇಟಿನಲ್ಲಿ ಎರಡು ಮೂರು ಗಾಡಿ, ಉಳಿದ ಸರದಿ ಹಿಂದೆ.

ಬಸ್ ನಿಲ್ಲುವ ಜಾಗಕ್ಕೆ ಬಿಟ್ಟು ಹೋಗುವವರ ಸಾಲು ಯಾವ ಕಾರಣಕ್ಕೂ ಅಡ್ಡ ಬರಬಾರದು. ಸಾಧ್ಯವಾದರೆ ಎರಡಕ್ಕೂ ಬೇರೆ ಬೇರೆ ಒಳದಾರಿ ಇರಲಿ. ಆಂಬುಲೆನ್ಸ್, ಅಗ್ನಿಶಾಮಕ ವಾಹನದ ದಾರಿಗೆ ನೆಲದ ಮೇಲೆ ಬಣ್ಣ ಬಳಿದು ಬಿಟ್ಟರೆ ಸಾಲದು. ಅಲ್ಲಿ ಗಾಡಿ ನಿಲ್ಲಿಸಲು ಆಗದಂತೆ ಮಡಚಬಹುದಾದ ಗೂಟ ಹಾಕಿಸಿ. ಮಡಚುವ ಕೀಲಿ ಯಾರ ಹತ್ತಿರ ಇದೆ ಎಂಬುದು ಸ್ಟೇಷನ್ನಿನ ಎಲ್ಲರಿಗೂ ಗೊತ್ತಿರಲಿ.

7. ಅಡ್ಡರಸ್ತೆಗಳನ್ನು ಮೊದಲು ಕಾಯ್ದುಕೊಳ್ಳಿ

ಪಾರ್ಕಿಂಗಿಗೆ ಶುಲ್ಕ ಹಾಕಿದ ಮರುದಿನವೇ ಗಾಡಿಗಳು ಪಕ್ಕದ ಬೀದಿಗೆ ಹೋಗುತ್ತವೆ. ಹಾಗಾಗಿ ಬೀದಿಯ ವ್ಯವಸ್ಥೆ ಮೊದಲು, ಶುಲ್ಕ ಆಮೇಲೆ. ಇದನ್ನು ತಿರುಗಾಮುರುಗಾ ಮಾಡಿದರೆ ನಿವಾಸಿಗಳು ಇಡೀ ಯೋಜನೆಗೇ ತಿರುಗಿ ಬೀಳುತ್ತಾರೆ. ಅವರದ್ದು ತಪ್ಪೂ ಅಲ್ಲ.

ದಿನವಿಡೀ ಬೀದಿ ಕಾಯಲು ಸಿಬ್ಬಂದಿ ಎಲ್ಲಿಂದ ತರುವುದು ಎಂದು ಕೇಳುತ್ತೀರಿ. ಲಂಡನ್ನಿನ ಹೊರಭಾಗದ ಹಲವು ಸ್ಟೇಷನ್ ಸುತ್ತ ಒಂದು ಸೊಗಸಾದ ಉಪಾಯ ಇದೆ. ನಿವಾಸಿಗಳಿಗೆ ಕೊಡುವ ಪರ್ಮಿಟ್ ಇಲ್ಲದವರು ನಿಲ್ಲಿಸಬಾರದು ಎಂಬ ನಿರ್ಬಂಧ ದಿನದ ಮಧ್ಯೆ ಒಂದೆರಡು ಗಂಟೆ ಮಾತ್ರ. ಅಷ್ಟರಿಂದ ಏನಾಗುತ್ತದೆ ಅಲ್ವಾ? ಬೆಳಿಗ್ಗೆ ಗಾಡಿ ನಿಲ್ಲಿಸಿ ರೈಲು ಹತ್ತಿದವರು ಆ ಗಂಟೆಯಲ್ಲಿ ಬಂದು ಗಾಡಿ ತೆಗೆಯಲಾರರು. ಹಾಗಾಗಿ ಅವರು ಅಲ್ಲಿ ನಿಲ್ಲಿಸುವುದೇ ಇಲ್ಲ. ನೆಂಟರು, ಪ್ಲಂಬರು, ಅಂಗಡಿಗೆ ಬಂದವರು ಉಳಿದ ಹೊತ್ತಿನಲ್ಲಿ ಯಾವ ಪರ್ಮಿಟ್ಟೂ ಇಲ್ಲದೆ ನಿಲ್ಲಿಸಬಹುದು. ಕಾವಲಿಗೂ ಒಂದೆರಡು ಗಂಟೆ ಸಾಕು. ಪಕ್ಕದ ಎರಡು ವಲಯಕ್ಕೆ ಬೇರೆ ಬೇರೆ ಗಂಟೆ ಇಟ್ಟರೆ ಒಬ್ಬರೇ ಎರಡನ್ನೂ ನೋಡಿಕೊಳ್ಳಬಹುದು.

ಗಡಿಯನ್ನು ಎಲ್ಲಿ ಎಳೆಯುತ್ತೀರಿ ಎಂಬುದರಲ್ಲಿ ಉದಾರವಾಗಿರಿ. ಎರಡು ಬೀದಿಗೆ ಮಾತ್ರ ನಿಯಮ ಮಾಡಿದರೆ ಗಾಡಿಗಳು ಮೂರನೆಯ ಬೀದಿಗೆ ಹೋಗುತ್ತವೆ.

8. ಈಗ ಶುಲ್ಕ

ಪಾರ್ಕಿಂಗ್ ಬಗ್ಗೆ ಜೀವಮಾನವಿಡೀ ಅಧ್ಯಯನ ಮಾಡಿದ ಅಮೆರಿಕದ ಪ್ರೊಫೆಸರ್ ಡೊನಾಲ್ಡ್ ಶೂಪ್ ಹೇಳುತ್ತಿದ್ದ ಗುರಿ ಶೇ 85ರಷ್ಟು ಭರ್ತಿ. ಅಂದರೆ ಏಳು ಜಾಗಕ್ಕೆ ಒಂದು ಯಾವಾಗಲೂ ಖಾಲಿ ಇರಬೇಕು, ಅಷ್ಟಕ್ಕೆ ಸರಿಯಾಗಿ ಶುಲ್ಕ ಇಡಬೇಕು. ಅವರು ಹೇಳಿದ್ದು ಮುಖ್ಯವಾಗಿ ಗಾಡಿ ಬಂದು ಹೋಗುತ್ತಿರುವ ಪೇಟೆ ಬೀದಿಯ ಬಗ್ಗೆ. ಸ್ಟೇಷನ್ನಿನಲ್ಲಿ ಗಾಡಿ ದಿನವಿಡೀ ಕದಲುವುದಿಲ್ಲವಾದ್ದರಿಂದ ನಾನು ಗುರಿಯನ್ನು ಗಂಟೆಯಲ್ಲಿ ಇಡುತ್ತೇನೆ: ಬೆಳಗಿನ ಗದ್ದಲದ ಕೊನೆಯ ರೈಲು ಹೊರಡುವವರೆಗೂ ಒಂದಷ್ಟು ಜಾಗ ಉಳಿದಿರಬೇಕು. ಅದಕ್ಕೂ ಮುಂಚೆ ತುಂಬಿದರೆ ಶುಲ್ಕ ಸ್ವಲ್ಪ ಏರಿಸಿ, ಅರ್ಧ ಖಾಲಿ ಉಳಿದರೆ ಇಳಿಸಿ. ಹತ್ತಿರದ ಸಾಲಿಗೆ ಜಾಸ್ತಿ, ದೂರದ್ದಕ್ಕೆ ಕಡಿಮೆ.

ತಿಂಗಳ ಪಾಸ್ ಬೇಕೋ ಬೇಡವೋ? ಜನಕ್ಕೆ ಇಷ್ಟ, ದುಡ್ಡೂ ಮುಂಚಿತವಾಗಿ ಬರುತ್ತದೆ. ಆದರೆ ಪಾಸ್ ಇದ್ದವರು "ಹೇಗೂ ಕಟ್ಟಿದ್ದೇನಲ್ಲ" ಎಂದು ದಿನಾ ಗಾಡಿ ತರುತ್ತಾರೆ. ದಿನದ ಲೆಕ್ಕದಲ್ಲಿ ಕಟ್ಟುವವರು ವಾರಕ್ಕೆ ಒಂದೆರಡು ದಿನವಾದರೂ ಬಸ್ಸೋ ಸೈಕಲ್ಲೋ ನೋಡುತ್ತಾರೆ. ನನ್ನ ಒಲವು ದಿನದ ಶುಲ್ಕದ ಕಡೆಗೆ. ಪಾಸ್ ಕೊಡಲೇಬೇಕಾದರೆ ಇರುವ ಜಾಗಕ್ಕಿಂತ ಸ್ವಲ್ಪ ಹೆಚ್ಚೇ ಪಾಸ್ ಕೊಡಬಹುದು. ರಜೆ, ಜ್ವರ, ಮನೆಯಿಂದ ಕೆಲಸ ಎಂದು ಎಲ್ಲರೂ ಎಲ್ಲ ದಿನ ಬರುವುದಿಲ್ಲ. 100 ಜಾಗಕ್ಕೆ 110ರಿಂದ ಶುರು ಮಾಡಿ ಎಣಿಕೆ ನೋಡಿಕೊಂಡು ಮುಂದುವರಿಯಿರಿ.

ಒಂದು ಸಾಲನ್ನು ಬೆಳಿಗ್ಗೆ 10ರವರೆಗೆ ಮುಚ್ಚಿಡಿ. ಆಸ್ಪತ್ರೆಗೆ, ಕಾಲೇಜಿಗೆ, ಮಧ್ಯಾಹ್ನದ ಪಾಳಿಗೆ ಹೋಗುವವರಿಗೂ ರೈಲು ಬೇಕು. ಆ ಹೊತ್ತಿನಲ್ಲಿ ರೈಲಿನಲ್ಲಿ ಸೀಟು ಖಾಲಿ ಇರುತ್ತದೆ, ಸ್ಟೇಷನ್ನಿನಲ್ಲಿ ಮಾತ್ರ ಜಾಗ ಇರುವುದಿಲ್ಲ.

ಇನ್ನೊಂದು ಸಣ್ಣ ಸಂಗತಿ. ಪಾರ್ಕಿಂಗಿನ ಗೇಟಿಗೆ ಬೀಗ ಹಾಕುವ ವೇಳೆ ಕೊನೆಯ ರೈಲಿನ ವೇಳೆಗಿಂತ ಕನಿಷ್ಠ ಅರ್ಧ ಗಂಟೆ ಆಚೆ ಇರಬೇಕು, ರೈಲು ತಡವಾದರೆ ಬೀಗವೂ ತಡವಾಗಬೇಕು. ಒಮ್ಮೆ ಗಾಡಿ ಒಳಗೆ ಸಿಕ್ಕಿಕೊಂಡವರು ಮತ್ತೆ ಆ ಪಾರ್ಕಿಂಗಿಗೆ ಬರುವುದಿಲ್ಲ.

9. ಬಣ್ಣ, ಕೋನ್ ಇಟ್ಟು ಪ್ರಯೋಗ ಮಾಡಿ

ಕಾಂಕ್ರೀಟು ಹಾಕುವ ಮುಂಚೆ ಬಣ್ಣ, ಪ್ಲಾಸ್ಟಿಕ್ ಕೋನ್, ತಾತ್ಕಾಲಿಕ ಫಲಕ ಇಟ್ಟು ಎಂಟು ವಾರ ನಡೆಸಿ. ಮೊದಲ ಎರಡು ವಾರ ದಂಡ ಬೇಡ, ಗಾಜಿನ ಮೇಲೆ ಎಚ್ಚರಿಕೆ ಚೀಟಿ ಸಾಕು. ಚೀಟಿಯಲ್ಲಿ "ಇಲ್ಲಿ ನಿಲ್ಲಿಸಬೇಡಿ" ಎಂದಷ್ಟೇ ಬರೆಯದೆ ಎಲ್ಲಿ ನಿಲ್ಲಿಸಬಹುದು ಎಂದೂ ಬರೆಯಿರಿ. ಮೂರನೇ ವಾರದಿಂದ ದಂಡ, ಯಾರಿಗೂ ವಿನಾಯಿತಿ ಇಲ್ಲ. ಎಂಟನೇ ವಾರ ಮೊದಲಿನ ಹಾಗೆಯೇ, ಅದೇ ಬೀದಿ, ಅದೇ ಗಂಟೆಗಳಲ್ಲಿ ಮತ್ತೆ ಎಣಿಸಿ. ಎರಡು ಎಣಿಕೆಯನ್ನೂ ಅಕ್ಕಪಕ್ಕ ಬರೆದು ಸ್ಟೇಷನ್ ಗೋಡೆಗೆ ಅಂಟಿಸಿ. ಯಾವ ಬೀದಿಯಲ್ಲಿ ಗಾಡಿ ಜಾಸ್ತಿಯಾಯಿತೋ ಅದನ್ನು ಮುಚ್ಚಿಡಬೇಡಿ.

10. ಇಷ್ಟಾದರೂ ಬಹುಮಹಡಿ ಪಾರ್ಕಿಂಗ್ ಬೇಕೆಂದರೆ

ಲೆಕ್ಕ ಮುಂದಿಟ್ಟು ಮಾತಾಡಿ. 300 ಕಾರಿಗೆ ತಲಾ 30 ಚದರ ಮೀಟರ್ ಎಂದರೆ 9,000 ಚದರ ಮೀಟರ್ ನೆಲ. ದಿನಾ ಕೆಲಸಕ್ಕೆ ಹೋಗುವವರ ಕಾರಿನಲ್ಲಿ ಬಹುತೇಕ ಒಬ್ಬರೇ ಇರುತ್ತಾರೆ. ಅಂದರೆ ಅಷ್ಟು ದೊಡ್ಡ ಕಟ್ಟಡದಿಂದ ಬರುವ ಮುನ್ನೂರು ಚಿಲ್ಲರೆ ಮಂದಿ ಒಂದೇ ಲೋಕಲ್ ರೈಲಿನ ಎರಡು ಮೂರು ಬೋಗಿಗೆ ಸಾಕಾಗುತ್ತಾರೆ. ಅಷ್ಟೂ ಕಾರು ಒಂದೂವರೆ ಗಂಟೆಯೊಳಗೆ ಒಂದೇ ಬಾಗಿಲಲ್ಲಿ ಒಳಗೆ ಹೋಗಬೇಕು, ಅಂದರೆ ನಿಮಿಷಕ್ಕೆ ಮೂರಕ್ಕೂ ಹೆಚ್ಚು. ಆ ಬಾಗಿಲ ಮುಂದಿನ ರಸ್ತೆಯಲ್ಲೇ ಬಸ್ಸೂ ಬರಬೇಕಲ್ಲ?

ಊರ ಅಂಚಿನ ಕೊನೆಯ ಸ್ಟೇಷನ್ನಿನಲ್ಲಿ, ಸುತ್ತ ದೂರದೂರದ ಹಳ್ಳಿಗಳಿಗೆ ಬಸ್ಸೇ ಇಲ್ಲದ ಕಡೆ, ದೊಡ್ಡ ಪಾರ್ಕಿಂಗ್ ಸರಿಯಾದ ಆಯ್ಕೆಯೇ. ಅಲ್ಲಿ ಜಾಗವೂ ಸಿಗುತ್ತದೆ, ನೆಲಮಟ್ಟದಲ್ಲೇ ಮಾಡಬಹುದು. ಮನೆ ಅಂಗಡಿ ತುಂಬಿದ ನಡುವಿನ ಸ್ಟೇಷನ್ನಿನಲ್ಲಿ ಮಹಡಿ ಕಟ್ಟಲೇಬೇಕಾದರೆ ಗೇಟಿನ ಮುಂದಿನ ಜಾಗದಲ್ಲಿ ಕಟ್ಟಬೇಡಿ, ಐದು ನಿಮಿಷ ಹಿಂದಕ್ಕೆ ಸರಿಸಿ. ನೆಲ ಅಂತಸ್ತಿನ ರಸ್ತೆ ಬದಿಗೆ ಅಂಗಡಿಗಳಿಗೂ ಸೈಕಲ್ಲಿಗೂ ಜಾಗ ಬಿಡಿ. ಮಹಡಿಗಳನ್ನೇ ಇಳಿಜಾರಾಗಿ ಸುತ್ತಿಸಿ ಕಟ್ಟುವ ಬದಲು ಸಮತಟ್ಟಾಗಿ ಕಟ್ಟಿಸಿ, ಏರುದಾರಿ ಒಂದು ಪಕ್ಕಕ್ಕಿರಲಿ, ಚಾವಣಿ ಸ್ವಲ್ಪ ಎತ್ತರವಾಗಿರಲಿ. ಹಾಗಿದ್ದರೆ ಮುಂದೆ ಕಾರು ಕಡಿಮೆಯಾದಾಗ ಅದೇ ಮಹಡಿಗಳನ್ನು ಕಚೇರಿಗೋ ಗೋದಾಮಿಗೋ ಬದಲಾಯಿಸಿಕೊಳ್ಳಬಹುದು.